ಬಾಗಿಲಿಗೆ ಬಂದ ಒಗ್ಗರಣೆ, ಬಲಮಗ್ಗುಲಿನ ಸರ್ಪಸುತ್ತು

1942ರ ಫೆಬ್ರವರಿ ಹತ್ತನೆಯ ತಾರೀಖು, ಮಂಗಳವಾರ ಬೆಳಿಗ್ಗೆ, ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ನನ್ನ ತಾಯಿಯ ತಾಯಿಗೆ ಬಲಮಗ್ಗುಲಲ್ಲಿ ಸರ್ಪಸುತ್ತು ಎದ್ದಿತು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ವಯಸ್ಸು ಅರವತ್ತು ದಾಟಿತ್ತು. ಎಷ್ಟು ದಾಟಿತ್ತು ಎಂಬುದಕ್ಕೆ ಬರಹದ ಆಧಾರವಿಲ್ಲ.

ಸರ್ಪಸುತ್ತು ಯಾರಿಗಾದರೂ ಏಳುವಂಥದ್ದೇ. ಇದು ಸುದ್ದಿಯಾಗಲು ಕಾರಣ ಬೇರೆ. ಊರಿನಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಅದಕ್ಕೆ ಕೆಮ್ಮಣ್ಣು ಹಚ್ಚಿ ವಾಸಿಮಾಡುತ್ತಿದ್ದವಳು ಆಯಿಯೇ. ಅವಳ ಕೈಗುಣದ ಮಾತು ಕುಷ್ಟಗಿಯವರೆಗೂ ಹೋಗಿತ್ತು. ಅವಳ ಕೈಯಲ್ಲಿ ಒಬ್ಬರೂ ಸತ್ತಿರಲಿಲ್ಲ.

ಅವಳ ವಿಧಾನ ಹೀಗಿತ್ತು. ಕೆಮ್ಮಣ್ಣನ್ನು ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು, ಕೋಳಿಯ ಪುಕ್ಕದಿಂದ ಗುಳ್ಳೆಗಳ ಮೇಲೆಲ್ಲ ಬಳಿಯುವುದು. ಗುಳ್ಳೆಗಳ ಸಾಲು ಮುಗಿದಲ್ಲಿ ಒಂದು ಬೆರಳು ಜಾಗ ಬಿಟ್ಟು, ಒಂದು ಬೆರಳು ದಪ್ಪದ ಅಡ್ಡಗೆರೆ ಎಳೆಯುವುದು. ಆ ಗೆರೆಗೆ ಗೋಡೆ ಎಂದು ಹೆಸರು. ಸರ್ಪ ಅಲ್ಲಿಗೆ ಬಂದು ನಿಲ್ಲಬೇಕು. ಗೋಡೆ ಇಲ್ಲದಿದ್ದರೆ ಅದು ಮೈ ಸುತ್ತಿಕೊಂಡು ಬರುತ್ತದೆ. ತಲೆ ಬಾಲಕ್ಕೆ ಮುಟ್ಟಿದ ದಿನ ಮನುಷ್ಯ ಉಳಿಯುವುದಿಲ್ಲ. ದಿನವೂ ಹಳೆಯ ಗೋಡೆಯ ಆಚೆಗೆ ಹೊಸದನ್ನು ಎಳೆಯಬೇಕು. ಯಾಕೆ ಎಂದು ನಾನು ಕೇಳಿದ್ದೆ. ಆಯಿ ಹೇಳಿದ್ದಳು: “ನಿನ್ನಿ ಹಾಕಿದ ಗ್ವಾಡಿ ಹುಳಕ್ಕ ಗುರ್ತ ಆಗಿರತೈತಿ.” ಮನೆಯೊಳಗೆ ಹಾವು ಎನ್ನಬಾರದು, ಹುಳ ಎನ್ನಬೇಕು.

ನಾನು ಆಗ ಕೊಪ್ಪಳದ ಒಂದು ಶಾಲೆಯಲ್ಲಿ ಮಾಸ್ತರ. ಇಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಸುತ್ತಿನ ಊರುಗಳ ಸುದ್ದಿ ಕಳಿಸುತ್ತಿದ್ದೆ. ಗುರುವಾರ ಸಂಜೆ ಸೋದರಮಾವ ಶಾಲೆಯ ಬಾಗಿಲಲ್ಲಿ ಬಂದು ನಿಂತ.

“ಆಯಿ ಕರದಾಳ. ನಡಿ.”

“ಯಾಕ ಮಾಮಾ? ಆರಾಮ ಇಲ್ಲೇನು?”

“ಯಾಕಂತ ಹೇಳಬ್ಯಾಡ ಅಂದಾಳ. ಹಂಗಾಗಿ ಬಲಮಗ್ಗಲದಾಗ ಎದ್ದದ್ದು ನಾ ನಿನಗ ಹೇಳೂದಿಲ್ಲ.”

ಸೋದರಮಾವ ಸುಳ್ಳು ಹೇಳಲು ಬಾರದ ಮನುಷ್ಯ. ಶುಕ್ರವಾರ ನಾವು ಊರು ಮುಟ್ಟಿದ ಕೂಡಲೇ ಆಯಿ ಅವನನ್ನು ಹೊಲದ ಗುಡಿಸಲಿಗೆ ಕಳಿಸಿದಳು. ಜೋಳದ ರಾಶಿ ಕಾಯಬೇಕು, ಹೇಳಿ ಕಳಿಸುವವರೆಗೆ ಊರಿಗೆ ಬರಬಾರದು ಎಂಬುದು ಆಜ್ಞೆ. ರಾಶಿ ಆಗಲೇ ಮನೆಗೆ ಬಂದಿತ್ತು. ಮಾವ ಬುತ್ತಿ ಕಟ್ಟಿಕೊಂಡು ಖಾಲಿ ಕಣ ಕಾಯಲು ಹೋದ.

ಆಯಿ ಒಳಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಿದ್ದಳು. ಕಿಟಕಿ ಮುಚ್ಚಿತ್ತು. ಸೀರೆಯ ಸೆರಗು ಮೈಗೆ ತಾಗಿದರೂ ಕೆಂಡ ಇಟ್ಟಂತಾಗುತ್ತಿತ್ತು, ಹಾಗಾಗಿ ಸೆರಗನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡಿದ್ದಳು.

“ಬಾಗಲದಾಗ ನಿಂದ್ರು. ಮಾರಿ ಆ ಕಡಿ ಮಾಡು,” ಅಂದಳು. ನಾನು ಅಂಗಳದ ಕಡೆ ಮುಖಮಾಡಿ ನಿಂತೆ. “ಸತ್ತರ ಸಾಯ್ತೀನಿ. ಅದರ ಚಿಂತಿಲ್ಲ. ಆದರ ಇದರಾಗ ಸತ್ಲು ಅನ್ನಬಾರದು. ತನ್ನ ಮೈಯಾಗಿನ ಹುಳ ನಿಂದ್ರಸಾಕ ಆಗದಾಕಿ ನಮ್ಮ ಮೈಯಾಗಿಂದು ಏನ್ ನಿಂದ್ರಸ್ಯಾಳ ಅಂತಾರ. ನಾಳಿಂದ ಒಬ್ರೂ ಈ ಬಾಗಲಾ ತುಳಿಯೂದಿಲ್ಲ.”

“ಯಾರಿಗೂ ಗೊತ್ತಾಗೂದಿಲ್ಲ ಆಯಿ.”

“ಗೊತ್ತಾಗದಂಗ ನೋಡ್ಕೊಳ್ಳಾಕ ನಿನ್ನ ಕರಸೀನಿ. ಮತ್ತ, ನೀ ಸಾಲಿ ಮಾಸ್ತರ. ಹುಳ ದಿನಕ್ಕೆಷ್ಟು ನಡಿತೈತಿ ಬರಕೊ. ಈಕಿ ನನ್ನ ಸೊಸಿ, ದಿನಾ ಕಡಿಮಿ ಆಗೈತ್ರಿ ಕಡಿಮಿ ಆಗೈತ್ರಿ ಅಂತ ನನಗ ಬೆಣ್ಣಿ ಹಚ್ಚಾಕ್ಹತ್ಯಾಳ.”

ಸೊಸೆ ಎಂದರೆ ನನ್ನ ಅತ್ತೆ, ಸೋದರಮಾವನ ಹೆಂಡತಿ. ಆಯಿ ಹೇಳಿದಂತೆ ಕೆಮ್ಮಣ್ಣು ಹಚ್ಚಿ ಗೋಡೆ ಎಳೆಯುತ್ತಿದ್ದವಳು ಅವಳೇ. ಅವಳು ಹೇಳಿದಳು: “ಬೆಣ್ಣಿ ಅಲ್ರಿ ಅತ್ತಿ, ಕೆಮ್ಮಣ್ಣು ಹಚ್ಚಾಕ್ಹತ್ತೀನಿ.”

ಆಯಿಗೆ ನಗು ಬಂತು. ನಕ್ಕ ಕೂಡಲೇ ಪಕ್ಕೆಯೊಳಗೆ ಚೂರಿ ಆಡಿಸಿದಂತಾಯಿತು. ಒಂದು ಕೂಗು ಹಾಕಿ, ಸೊಸೆಯ ತವರುಮನೆಯನ್ನು ಬೈದು, ಆ ಮನೆಯಲ್ಲಿ ಇನ್ನು ಯಾರೂ ನಗಬಾರದು, ನಗಿಸಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಮುಂದಿನ ಏಳು ದಿನ ಆ ಮನೆಯಲ್ಲಿ ನಡೆದದ್ದಕ್ಕೆಲ್ಲ ಈ ಅಪ್ಪಣೆಯೇ ಮೂಲ ಎಂದು ನನಗೆ ಈಗ ಅನ್ನಿಸುತ್ತದೆ. ನಗಬಾರದು ಎಂದ ಮೇಲೆ ಎಲ್ಲದಕ್ಕೂ ನಗು ಬರತೊಡಗಿತು. ಅತ್ತೆ ನೀರಿನ ಕೊಡ ಇಳಿಸುವಾಗ ಒಬ್ಬಳೇ ಕಿಸಕ್ಕೆಂದು ನಗುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ನಕ್ಕು ಬರುತ್ತಿದ್ದೆ.

ಮೊದಲ ತೊಂದರೆ ಒಗ್ಗರಣೆಯದು. ಸಿಡುಬು, ಸರ್ಪಸುತ್ತು ಇದ್ದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಆ ವಾಸನೆ ಮೂಗಿಗೆ ಹೋದರೆ ಗುಳ್ಳೆ ಕೆರಳುತ್ತವೆ ಎಂಬುದು ನಮ್ಮ ಕಡೆಯ ನಂಬಿಕೆ. ಅತ್ತೆ ನಾಲ್ಕು ದಿನದಿಂದ ಸಪ್ಪೆ ಬೇಳೆ ಬೇಯಿಸುತ್ತಿದ್ದಳು. ಶನಿವಾರ ಬೆಳಿಗ್ಗೆ ಪಕ್ಕದ ಮನೆಯಾಕೆ ಗೋಡೆಯ ಆ ಕಡೆಯಿಂದ ಕೂಗಿದಳು: “ಏನವ್ವಾ, ನಿಮ್ಮ ಮನ್ಯಾಗ ನಾಲ್ಕು ದಿನಾ ಆತು, ಸಾಸವಿ ಸಿಡದದ್ದ ಕೇಳವಲ್ಲದು?”

ಅತ್ತೆ ಒಳಗೆ ಓಡಿಬಂದಳು. ಒಗ್ಗರಣೆ ಹಾಕಿದರೆ ಆಯಿಯ ಜೀವಕ್ಕೆ ಕೆಟ್ಟದ್ದು. ಹಾಕದಿದ್ದರೆ ಆಯಿಯ ಹೆಸರಿಗೆ ಕೆಟ್ಟದ್ದು. ಆಯಿ ಮಲಗಿದಲ್ಲೇ ಯೋಚಿಸಿ ತೀರ್ಪು ಕೊಟ್ಟಳು. ಒಲೆಯನ್ನು ಬೀದಿ ಬಾಗಿಲಿಗೆ ಒಯ್ಯಬೇಕು. ಗಾಳಿ ಒಳಗಿಂದ ಹೊರಗೆ ಬೀಸಬೇಕು. ಬೀಸದಿದ್ದರೆ ಬೀಸುವಂತೆ ಮಾಡಬೇಕು.

ಹೀಗೆ ಶನಿವಾರ ಮಧ್ಯಾಹ್ನ ಅತ್ತೆ ಹೊಸ್ತಿಲ ಹೊರಗೆ ಮೂರು ಕಲ್ಲಿಟ್ಟು ಉರಿ ಹಚ್ಚಿ, ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಹಾಕಿದಳು. ನಾನು ಅವಳ ಹಿಂದೆ ಹೊಸ್ತಿಲೊಳಗೆ ಕುಕ್ಕರಗಾಲಲ್ಲಿ ಕೂತು ಮೊರದಿಂದ ಗಾಳಿ ಹಾಕುತ್ತ ಒಗ್ಗರಣೆಯನ್ನು ಬೀದಿಗೆ ಅಟ್ಟಿದೆ. ಮೂರು ಮನೆಗಳಾಚೆ ಒಬ್ಬ ಮುದುಕ ಸೀನಿದ. ಅತ್ತೆ ಅಭಿಮಾನದಿಂದ ನನ್ನ ಕಡೆ ನೋಡಿದಳು. ಪಕ್ಕದ ಮನೆಯಾಕೆ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟಳು.

“ಇದೇನವ್ವಾ, ಒಲಿ ಬೀದಿಗೆ ಬಂದೈತಿ?”

“ನಮ್ಮ ಮಾಸ್ತರಗ ಹೊಗಿ ಆಗಿಬರೂದಿಲ್ರಿ, ಕೊಪ್ಪಳದಾಗಿದ್ದು ನಾಜೂಕ ಆಗ್ಯಾನ.”

“ಮತ್ತ ಅವನ ಕೈಯಾಗ ಮರಾ ಕೊಟ್ಟು ಒಲಿ ಮುಂದ ಕುಂದ್ರಿಸೀರಲ್ಲ?”

ಒಳಕೋಣೆಯಿಂದ ಆಯಿಯ ಕೂಗು ಕೇಳಿಸಿತು. ಅವಳು ನಕ್ಕಿದ್ದಳು.

ಅಳತೆಯ ಕೆಲಸ ನಾನು ಶಿಸ್ತಿನಿಂದಲೇ ಮಾಡಿದೆ. ದಿನವೂ ಬೆಳಿಗ್ಗೆ ಅತ್ತೆ ಸೆರಗಿನ ಕೆಳಗೆ ಕೈಹಾಕಿ ನೂಲು ಹಿಡಿಯುವಳು. ನಾನು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಲ್ಲುವೆ. “ಕೆಂಪು ಎಲ್ಲಿಂದ ಹಿಡದು ಎಲ್ಲೀ ತನಕ ಐತಿ, ಅಷ್ಟು ಹಿಡೀರಿ,” ಎಂದು ನಾನೇ ಮೊದಲ ದಿನ ಹೇಳಿಕೊಟ್ಟಿದ್ದೆ. ಅವಳು ನೂಲಿಗೆ ಗಂಟು ಹಾಕಿ ತಂದುಕೊಡುವಳು. ನಾನು ಅದನ್ನು ಬೆರಳಿನ ಅಗಲದಲ್ಲಿ ಎಣಿಸಿ ನೋಟುಬುಕ್ಕಿನಲ್ಲಿ ಬರೆಯುವೆ. ಆಯಿಯ ಮೈಸುತ್ತು ನಲವತ್ತನಾಲ್ಕು ಬೆರಳು. ಶುಕ್ರವಾರ ಕೆಂಪು ಇಪ್ಪತ್ತು ಬೆರಳಿತ್ತು. ಶನಿವಾರ ಇಪ್ಪತ್ತೆರಡು. ಭಾನುವಾರ ಇಪ್ಪತ್ತನಾಲ್ಕು.

“ನಡ್ಯಾಕ್ಹತ್ತೈತಿ,” ಅಂದಳು ಆಯಿ. ಅವಳ ದನಿ ಸಣ್ಣದಾಗಿತ್ತು. ಆವೊತ್ತು ಅವಳು ಊಟ ಮಾಡಲಿಲ್ಲ.

ಭಾನುವಾರ ಸಂಜೆ ಸಣ್ಣಾಯಿ ಬಂದಳು. ಸಣ್ಣಾಯಿ ಎಂದರೆ ಆಯಿಯ ನೆಗೆಣ್ಣಿ, ನಮ್ಮ ಅಜ್ಜನ ತಮ್ಮನ ಹೆಂಡತಿ. ಎರಡು ಓಣಿ ಆಚೆ ಅವಳ ಮನೆ. ಇಬ್ಬರೂ ತಮ್ಮ ಗಂಡಂದಿರ ತಾಯಿಯಿಂದ ಈ ವಿದ್ಯೆ ಕಲಿತವರು. ಆದರೆ ಸರ್ಪದ ತಲೆ ಯಾವ ಕಡೆ ಎಂಬ ವಿಷಯದಲ್ಲಿ ಅವರಿಗೆ ಜಗಳವಾಗಿ, ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ತಲೆ ಬೆನ್ನಿನ ಕಡೆ, ಗೋಡೆ ಅಲ್ಲಿ ಎಳೆಯಬೇಕು ಎಂಬುದು ಆಯಿಯ ಪಕ್ಷ. ತಲೆ ಎದೆಯ ಕಡೆ ಎಂಬುದು ಸಣ್ಣಾಯಿಯ ಪಕ್ಷ. ಇಬ್ಬರ ರೋಗಿಗಳೂ ಬದುಕುತ್ತಿದ್ದುದರಿಂದ ಜಗಳ ಬಗೆಹರಿಯುವ ದಾರಿ ಇರಲಿಲ್ಲ.

ಅವಳು ಹೊಸ್ತಿಲಲ್ಲಿ ಒಲೆಯ ಬೂದಿ ನೋಡಿದಳು. ಮೊರ ನೋಡಿದಳು. ನನ್ನನ್ನು ನೋಡಿದಳು.

“ಎಷ್ಟು ದಿನಾ ಆತು?” ಅಂದಳು.

“ಏನು ಸಣ್ಣಾಯಿ?” ಅಂದೆ.

“ಬೀದ್ಯಾಗ ಒಗ್ಗರಣಿ ಹಾಕಿ ಮರದಿಂದ ಬೀಸೂದು ಯಾಕಂತ ತಿಳಿಯದಿರಾಕ ನಾ ಕೂಸಲ್ಲಪಾ. ಯಾವ ಮಗ್ಗಲಾ?”

ನಾನು ಉತ್ತರ ಕೊಡುವ ಮೊದಲೇ ಒಳಗಿಂದ ಆಯಿಯ ದನಿ ಬಂತು. “ಬಂದಾಳೇನು? ನಗಾಕ ಬಂದಾಳ. ಈ ಮನ್ಯಾಗ ನಗಂಗಿಲ್ಲ ಅಂತ ಹೇಳು ಆಕಿಗೆ.”

ಸಣ್ಣಾಯಿ ಒಳಗೆ ಹೋಗಿ ಕೂತಳು. ಆಮೇಲಿನ ಮಾತನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಅಕ್ಕಾ, ಊರಿಗೆ ಹೇಳಾಕ ಬಂದೀನಿ ಅಂತ ತಿಳದಿಯೇನ? ನಿನ್ನ ಕೈ ಸುಳ್ಳಾದರ ನನ್ನ ಕೈ ಖರೇ ಉಳಿತೈತೇನು? ಇಬ್ಬರಿಗೂ ಕಲಿಸಿದಾಕಿ ಒಬ್ಬಾಕಿನ.”

“ಹಂಗಾರ ಯಾಕ ಬಂದಿ?”

“ಗ್ವಾಡಿ ಎಲ್ಲಿ ಹಾಕೀಯಿ ನೋಡಾಕ. ಎತ್ತು ಸೆರಗ. ಶಿವನ! ಬೆನ್ನಿಗೆ ಹಾಕೀಯಲ್ಲಬೇ! ಅದು ಬಾಲ! ಬಾಲಕ್ಕ ಗ್ವಾಡಿ ಕಟ್ಟಿ ತಲಿಗೆ ಬಾಗಲಾ ತಗದಿಟ್ಟೀಯಿ!”

“ಅದು ತಲಿ!”

“ಬಾಲ!”

“ನಿನ್ನ ತಲಿ!”

ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು. ಆಯಿ ನಗುತ್ತಿದ್ದಳೋ ಅಳುತ್ತಿದ್ದಳೋ ಹೊರಗಿನಿಂದ ಗೊತ್ತಾಗಲಿಲ್ಲ. ಕೊನೆಗೆ ಒಪ್ಪಂದವಾಯಿತು. ಬೆನ್ನಿನ ಕಡೆ ಆಯಿಯ ಮತದಂತೆ ಅತ್ತೆ ಗೋಡೆ ಎಳೆಯುವುದು. ಎದೆಯ ಕಡೆ ತನ್ನ ಮತದಂತೆ ಸಣ್ಣಾಯಿಯೇ ಎಳೆಯುವುದು. ತಲೆ ಎಲ್ಲಿದ್ದರೂ ಎದುರಿಗೆ ಗೋಡೆ ಇರುತ್ತದೆ.

ಬೀದಿಯ ಒಲೆಯನ್ನೂ ಸಣ್ಣಾಯಿ ವಹಿಸಿಕೊಂಡಳು. ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದಳು. ಒಬ್ಬರಿಗೆ ಒಳಗಿನ ಒಲೆ ಕುಸಿದಿದೆ ಎಂದಳು. ಇನ್ನೊಬ್ಬರಿಗೆ ಅಡಿಗೆಮನೆಯಲ್ಲಿ ಬೆಕ್ಕು ಮರಿ ಹಾಕಿದೆ ಎಂದಳು. ಬೆಕ್ಕಿನ ಮರಿ ನೋಡಬೇಕೆಂದು ಓಣಿಯ ಮಕ್ಕಳು ಬಂದುಬಿಟ್ಟವು. ಅತ್ತೆ ಎಲ್ಲಿಂದಲೋ ಒಂದು ಮರಿ ತಂದು ತೋರಿಸಿ ಕಳಿಸಿದಳು. ಅದನ್ನು ಕಳೆದುಕೊಂಡ ತಾಯಿಬೆಕ್ಕು ಎರಡು ದಿನ ನಮ್ಮ ಮಾಳಿಗೆಯ ಮೇಲೆ ಕೂಗಿತು.

ಸಣ್ಣಾಯಿ ಬಂದ ಮೇಲೆ ಸರ್ಪದ ವೇಗ ಎರಡು ಪಟ್ಟಾಯಿತು. ಸೋಮವಾರ ಇಪ್ಪತ್ತೆಂಟು ಬೆರಳು. ಮಂಗಳವಾರ ಮೂವತ್ತೆರಡು. ಬುಧವಾರ ಮೂವತ್ತಾರು.

ಬುಧವಾರ ನೋಟುಬುಕ್ಕು ನೋಡಿದಾಗ ನನಗೆ ನಗು ಬರಲಿಲ್ಲ. ಉಳಿದದ್ದು ಎಂಟು ಬೆರಳು. ದಿನಕ್ಕೆ ನಾಲ್ಕರಂತೆ ಎರಡು ದಿನ. ಶುಕ್ರವಾರ ತಲೆ ಬಾಲಕ್ಕೆ ಮುಟ್ಟುತ್ತದೆ. ಇದನ್ನು ಆಯಿಗೆ ಹೇಳಬಾರದಿತ್ತು. ಅವಳು ಕೇಳಿದಳು, ನಾನು ಹೇಳಿದೆ.

“ಶುಕ್ರಾರನ?”

“ಲೆಕ್ಕದ ಪ್ರಕಾರ.”

ಅವಳು ಸಣ್ಣಾಯಿಯನ್ನು ಕರೆದಳು. “ನೋಡಬೇ, ಶುಕ್ರಾರ ಹೋದರ, ಮೆಟ್ಟಲದ ಮ್ಯಾಲಿಂದ ಬಿದ್ದು ಹೋದ್ಲು ಅಂತ ಹೇಳ್ರಿ.”

“ನಿನ್ನ ಮನಿಗೆ ಮೆಟ್ಟಲಾ ಎಲ್ಲಿ ಅದಾವ ಅಕ್ಕಾ?”

“ನಿನ್ನ ಮನ್ಯಾಗ ಅದಾವಲ್ಲ. ಅಲ್ಲೇ ಬಿದ್ಲು ಅನ್ನು. ಮಾತಾಡಸಾಕ ಬಂದಿದ್ಲು, ಬಿದ್ಲು.”

“ನನ್ನ ಮ್ಯಾಲ ಹಾಕತೀಯೇನ? ನಾನ ದೂಡಿದೆ ಅಂತಾರ ಊರಾಗ!”

ಇಬ್ಬರೂ ಒಮ್ಮೆಲೇ ನಕ್ಕರು. ಆಯಿ ನೋವಿನಿಂದ ಕೂಗುತ್ತಲೇ ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಕೊಪ್ಪಳಕ್ಕೆ ಹೊರಟೆ.

ಇದ್ದಿಲು ಉರಿಸಿ ಓಡಿಸುವ ಬಸ್ಸಿನ ಕಾಲ ಅದು. ಏರು ಬಂದಲ್ಲೆಲ್ಲ ಇಳಿದು ನೂಕಿ, ದವಾಖಾನೆ ಮುಚ್ಚುವ ಹೊತ್ತಿಗೆ ತಲುಪಿದೆ. ಅಲ್ಲಿಯ ಡಾಕ್ಟರ್ ಹೈದರಾಬಾದಿನಲ್ಲಿ ಓದಿ ಬಂದವರು, ನಮ್ಮ ಕಡೆಯ ಕನ್ನಡಕ್ಕೆ ಉರ್ದು ಬೆರೆಸಿ ಮಾತಾಡುವವರು. ನಾನು ವಿಷಯ ಹೇಳಿ ನೋಟುಬುಕ್ಕು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು.

“ಮಾಸ್ತರ, ಇದು ಬೀಮಾರಿನೋ, ರೈಲುಗಾಡಿನೋ? ದಿನಾ ಎರಡು, ದಿನಾ ಎರಡು, ಆಮ್ಯಾಲ ದಿನಾ ನಾಲ್ಕು. ಇಷ್ಟು ಟೈಮಿಗೆ ಸರಿಯಾಗಿ ನಡಿಯೂ ರೋಗ ನಾ ನೋಡಿಲ್ಲ. ಎಡಮಗ್ಗಲಿಗೆ ಗುಳ್ಳಿ ಅದಾವೇನು?”

“ನಾನು ನೋಡಿಲ್ಲ ಸಾಹೇಬರ. ಅಳತಿ ಮಾಡಿದ್ದು ಅತ್ತಿ.”

“ಅವರು ಏನು ಅಳದಾರ? ಗುಳ್ಳಿನೋ, ಕೆಮ್ಮಣ್ಣೋ?”

ನಾನು ಅವರ ಮೇಜಿನ ಮುಂದೆ ನಿಂತಿದ್ದೆ. ಕೆಂಪು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿಕೊಟ್ಟವನು ನಾನೇ. ಗೋಡೆಯೂ ಕೆಂಪು. ಒಂದು ಬೆರಳು ಜಾಗ, ಒಂದು ಬೆರಳು ಗೋಡೆ, ದಿನಕ್ಕೆ ಎರಡು. ಸಣ್ಣಾಯಿ ಬಂದ ಮೇಲೆ ಎರಡು ಕಡೆ, ದಿನಕ್ಕೆ ನಾಲ್ಕು. ಆರು ದಿನ ನಾನು ಗೋಡೆಗಳನ್ನು ಅಳೆದು ಸರ್ಪ ಎಂದು ಬರೆದಿದ್ದೆ. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು. ಅವರು ನಗುವುದನ್ನು ನೋಡಿ ಕಂಪೌಂಡರ್ ಬಂದ, ಅವನಿಗೂ ಓದಿ ಹೇಳಿದರು.

ಆಮೇಲೆ ಒಂದು ಕಾಗದ ತೆಗೆದುಕೊಂಡು ಮನುಷ್ಯನ ಎದೆಗೂಡು ಬರೆದರು. ಬೆನ್ನುಮೂಳೆಯಿಂದ ಪಕ್ಕೆಲುಬಿಗೊಂದರಂತೆ ನರ ಹೊರಡುತ್ತವೆ, ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ಪಕ್ಕೆಲುಬಿನ ಅಡಿಯಲ್ಲೇ ಬಳಸಿಕೊಂಡು ಬಂದು ಎದೆಯ ನಡುವೆ ಮುಗಿಯುತ್ತವೆ. ಈ ರೋಗ ನರದ ಬುಡದಲ್ಲಿ ಹುಟ್ಟಿ, ಆ ಒಂದು ನರ ಹೋದ ದಾರಿಯಲ್ಲಿ ಮಾತ್ರ ಚರ್ಮದ ಮೇಲೆ ಏಳುತ್ತದೆ. ಅದಕ್ಕೇ ಅರ್ಧ ಪಟ್ಟಿಯ ಹಾಗೆ ಕಾಣುತ್ತದೆ. ನಡುಗೆರೆ ದಾಟುವುದಿಲ್ಲ.

“ರಸ್ತಾನೇ ಇಲ್ಲ ದಾಟಾಕ,” ಅಂದರು. “ತಲಿ ಬಾಲಕ್ಕ ಮುಟ್ಟೂ ಮಾತು ಬಿಡ್ರಿ. ಆದರ ಒಂದು ಕೇಳ್ರಿ. ಜಾಸ್ತಿ ಮಂದಿಗೆ ಇದು ಎದಿ, ಬೆನ್ನಿನ ನರಕ್ಕ ಬರತೈತಿ. ಅಲ್ಲಿ ಫಿಕರ್ ಇಲ್ಲ. ಕೆಲವರಿಗೆ ಕುತ್ತಿಗಿಗೆ, ಸೊಂಟಕ್ಕ. ಇನ್ನು ಕೆಲವರಿಗೆ ಮುಖದ ನರಕ್ಕ, ಹಣಿ ಮ್ಯಾಲ. ಅದು ಕಣ್ಣಿಗೂ ಹೋಗೂ ನರ. ಮೂಗಿನ ತುದಿಗೆ ಗುಳ್ಳಿ ಬಂತಂದ್ರ ಕಣ್ಣಿಗೂ ಬರತೈತಿ ಅಂತ ತಿಳೀರಿ. ನಿಮ್ಮ ಆಯಿಗೆ ಹೇಳ್ರಿ, ಎದಿದು ಅವರು ಇಟ್ಕೊಳ್ಳಲಿ, ಹಣಿದು ನನಗ ಕಳಸಲಿ.”

ಸಣ್ಣವರಿದ್ದಾಗ ಸೀತಾಳೆ ಸಿಡುಬು ಬಂದವರಿಗೇ ಇದು ಮುಂದೆ ಬರುತ್ತದೆಂದು ದೊಡ್ಡ ಡಾಕ್ಟರರು ಹೇಳುತ್ತಾರೆ ಎಂದೂ ತಿಳಿಸಿದರು. ಗುಳ್ಳೆ ಒಣಗಲು ಬಿಳಿ ಪುಡಿ ಕೊಟ್ಟರು. ವಾಸಿಯಾದ ಮೇಲೂ ನರದೊಳಗಿನ ನೋವು ಕೆಲವು ತಿಂಗಳು ಉಳಿಯಬಹುದು, ವಯಸ್ಸಾದವರಿಗೆ ಹಾಗಾಗುತ್ತದೆ ಎಂದರು.

ಗುರುವಾರ ಮಧ್ಯಾಹ್ನ ಮನೆಗೆ ಬಂದು ಅತ್ತೆಗೆ ಒದ್ದೆ ಬಟ್ಟೆಯಿಂದ ಕೆಮ್ಮಣ್ಣು ನೆನೆಸಿ ತೆಗೆಯಲು ಹೇಳಿದೆ. ಗುಳ್ಳೆ ಇದ್ದಲ್ಲಿ ಮುಟ್ಟದೆ, ಬೆನ್ನಿನ ನಡುವಿನಿಂದ ಎಡಕ್ಕೆ ಮಾತ್ರ. ನಾನು ಎಂದಿನಂತೆ ಬಾಗಿಲಲ್ಲಿ ಮುಖ ತಿರುಗಿಸಿ ನಿಂತೆ.

“ಅತ್ತಿ,” ಅಂದಳು ಅತ್ತೆ, “ಇಲ್ಲಿ ಏನೂ ಇಲ್ರಿ.”

“ಏನೂ ಇಲ್ಲಂದ್ರ?”

“ಬರೇ ನಿಮ್ಮ ಮೈ ಐತ್ರಿ. ಛಲೋ ಐತಿ.”

ನೂಲು ಹಿಡಿದು ಗುಳ್ಳೆಗಳನ್ನೇ ಅಳೆದಳು. ಹದಿನಾಲ್ಕು ಬೆರಳು. ಶುಕ್ರವಾರ ಬರೆದ ಇಪ್ಪತ್ತರಲ್ಲೂ ನಾನು ಬರುವ ಮೊದಲಿನ ಮೂರು ಗೋಡೆ ಸೇರಿದ್ದವು.

ನಾನು ಕಾಗದ ಬಿಡಿಸಿ ಡಾಕ್ಟರು ಹೇಳಿದ್ದನ್ನೆಲ್ಲ ಓದಿದಂತೆ ಹೇಳಿದೆ. ನರ ಬೆನ್ನಲ್ಲಿ ಹುಟ್ಟುತ್ತದೆ, ಎದೆಯಲ್ಲಿ ಮುಗಿಯುತ್ತದೆ, ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಆಯಿ ಎದ್ದು ಕೂತಳು. ಶುಕ್ರವಾರ ಸಾಯುವುದಿಲ್ಲ ಎಂಬುದು ಅವಳಿಗೆ ಮೊದಲು ಹೊಳೆದಂತೆ ಕಾಣಲಿಲ್ಲ.

“ಹಂಗಾರ ಗ್ವಾಡಿ?” ಅಂದಳು. “ನಾ ಹಾಕಿದ್ದು ಇಷ್ಟೂ ವರ್ಷ?”

ಉತ್ತರ ಕೊಟ್ಟವಳು ಪಕ್ಕದಲ್ಲಿ ಕೂತಿದ್ದ ಸಣ್ಣಾಯಿ.

“ಅಕ್ಕಾ, ಬಂದವರೆಲ್ಲ ಅಂಜಿಕಿಯಿಂದ ನಡುಗಕೋತ ಬರ್ತಿದ್ರು. ಗ್ವಾಡಿ ಎಳದ ಮ್ಯಾಲ ಮನಿಗೆ ಹೋಗಿ ಮಲಗತಿದ್ರು. ನೀನ ವಿಚಾರ ಮಾಡು, ವಾರದಿಂದ ಮಲಗೀಯೇನು ನೀ? ಗ್ವಾಡಿ ಅಳ್ಯಾಕ ಮಾಸ್ತರನ್ನ ಕರಸೀಯಲ್ಲ, ಅಲ್ಲೇ ಕೆಟ್ಟದ್ದು.”

ಆಯಿ ನನ್ನ ಕಡೆ ನೋಡಿದಳು. ನಾನು ನೋಟುಬುಕ್ಕನ್ನು ಬೆನ್ನಹಿಂದೆ ಹಿಡಿದೆ.

“ಮತ್ತ,” ಅಂದಳು ಸಣ್ಣಾಯಿ, “ಡಾಕ್ಟರನ ಹೇಳ್ಯಾನಲ್ಲ. ಬೆನ್ನಾಗ ಹುಟ್ಟಿ ಎದಿಗೆ ಬರತೈತಿ. ಅಂದ್ರ ಮುಂದಕ್ಕ ಬರೂದು ತಲಿ. ನಾ ಹೇಳಿದ್ದ ಖರೇ.”

“ಬುಡ ಬೆನ್ನಾಗೈತಿ ಅಂದಾನ. ಬುಡ ಅಂದ್ರ ತಲಿ.”

“ಬುಡ ಬಾಲ!”

“ಡಾಕ್ಟರಗ ನಾನ ಕೇಳ್ತೀನಿ!”

ಆ ಸಂಜೆ ಆಯಿ ಎರಡು ರೊಟ್ಟಿ ತಿಂದಳು. ಅತ್ತೆ ಹೊಲಕ್ಕೆ ಹೇಳಿಕಳಿಸಿ ಸೋದರಮಾವನನ್ನು ಕರೆಸಿದಳು. ಅವನು ಬಂದು, ಕಣದಲ್ಲಿ ಏನೂ ಕಳುವಾಗಿಲ್ಲ ಎಂದು ವರದಿ ಕೊಟ್ಟ. ಹೊಸ್ತಿಲ ಹೊರಗಿನ ಮೂರು ಕಲ್ಲುಗಳು ಇನ್ನೂ ಹತ್ತು ದಿನ ಅಲ್ಲೇ ಇದ್ದವು, ಯಾಕೆಂದರೆ ನರದ ವಿಷಯ ಒಪ್ಪಿದ ಮೇಲೂ ಒಗ್ಗರಣೆಯ ವಿಷಯದಲ್ಲಿ ಆಯಿ ಡಾಕ್ಟರರ ಮಾತು ಕೇಳಲು ಸಿದ್ಧಳಿರಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಹಕ್ಕಳೆ ಉದುರಿತು. ನೋವು ಉಳಿಯಿತು. ಬಲಗಡೆ ಸೆರಗು ಹಾಕಲು ಆಗುತ್ತಿರಲಿಲ್ಲ. ಕೇಳಿ ಬಂದವರಿಗೆ ಚಳಕು ಹಿಡಿದಿದೆ ಎನ್ನುತ್ತಿದ್ದಳು.

ಅದೇ ಮಾರ್ಚ್ ಕೊನೆಯ ವಾರ, ನಾನು ರಜೆಗೆ ಬಂದಿದ್ದಾಗ, ಕುಷ್ಟಗಿ ಕಡೆಯಿಂದ ಒಬ್ಬ ರೈತ ಬಂದ. ಹೆಗಲ ವಸ್ತ್ರ ಹಣೆಯ ಮೇಲೆ ಇಳಿಬಿಟ್ಟುಕೊಂಡಿದ್ದ. ಸರಿಸಿದ. ಬಲಹುಬ್ಬಿನ ಮೇಲೆ ಗುಳ್ಳೆಗಳ ಗೊಂಚಲು, ರೆಪ್ಪೆ ಊದಿತ್ತು, ಮೂಗಿನ ತುದಿಯಲ್ಲಿ ಎರಡು ಗುಳ್ಳೆ. ಅಂಗಳದಲ್ಲಿ ಓಣಿಯ ನಾಲ್ಕು ಜನ ಕೂತಿದ್ದರು. ಅತ್ತೆ ಆಗಲೇ ಕೆಮ್ಮಣ್ಣಿನ ಕಲ್ಲು ತಂದಿಟ್ಟಿದ್ದಳು.

ಆಯಿ ಅವನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಕಡೆ ನೋಡಲಿಲ್ಲ.

“ತಮ್ಮಾ, ಇದಕ್ಕ ನನ್ನ ಗ್ವಾಡಿ ಸಾಲೂದಿಲ್ಲ,” ಅಂದಳು. “ಇದು ಕಣ್ಣಿಗೆ ಹೋಗೂ ದಾರಿ ಹಿಡದೈತಿ. ಈಗಿಂದೀಗ ಕೊಪ್ಪಳದ ದವಾಖಾನಿಗೆ ನಡಿ.”

ಅಂಗಳದಲ್ಲಿ ಕೂತಿದ್ದ ಒಬ್ಬ, “ಯಾಕಬೇ ಯಮ್ಮಾ, ಕೈ ಸೋತೇನು?” ಎಂದ.

ಆಯಿ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯ ನೆರಳಲ್ಲಿ ಕೂತಿದ್ದ ಸಣ್ಣಾಯಿ ಹೇಳಿದಳು: “ನಿನ್ನ ಕಣ್ಣಾದರ ಹಚ್ಚತಿದ್ಲು. ಇವನ ಕಣ್ಣು ಛಲೋ ಅದಾವ ಅಂತ ಕಳಸಾಕ್ಹತ್ಯಾಳ.”

ಕೂತವರೆಲ್ಲ ನಕ್ಕರು. ಆಯಿಯೂ ನಕ್ಕಳು, ಪಕ್ಕೆಯನ್ನು ಕೈಯಿಂದ ಒತ್ತಿಕೊಂಡು.

ರೈತನನ್ನು ನಾನೇ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಪಟ್ಟಿ ಕಟ್ಟಿ, ಹನ್ನೆರಡು ದಿನ ಇಟ್ಟುಕೊಂಡರು. ಕಣ್ಣು ಉಳಿಯಿತು, ದೂರದ್ದು ಸ್ವಲ್ಪ ಮಸುಕು ಎನ್ನುತ್ತಿದ್ದ. ಅವನು ಊರಿಗೆ ಹೋಗಿ, ಮಂಗಳೂರಿನ ಮುದುಕಿ ಮುಖ ನೋಡಿಯೇ ಕಣ್ಣಿಗೆ ಹೋಗುತ್ತದೆ ಎಂದಳು, ಡಾಕ್ಟರು ಆಮೇಲೆ ಅದನ್ನೇ ಹೇಳಿದರು ಎಂದು ಹೇಳಿಕೊಂಡು ತಿರುಗಿದ. ಆ ವರ್ಷ ಬೇಸಿಗೆಯಲ್ಲಿ ಕುಷ್ಟಗಿ ಕಡೆಯಿಂದ ಬಂದವರು ಮೊದಲಿಗಿಂತ ಹೆಚ್ಚು. ಹಣೆಯ ಮೇಲಿನದನ್ನು ಆಯಿ ಆಮೇಲೆ ಒಂದೂ ಇಟ್ಟುಕೊಳ್ಳಲಿಲ್ಲ. ಅವಳಿಗೇ ಎದ್ದಿತ್ತು ಎಂಬುದು ಊರಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ನನ್ನ ಎದುರು ಯಾರೂ ಆಡಲಿಲ್ಲ.

ನನಗೆ ತಿಳಿದಂತೆ ಕೊನೆಯದಾಗಿ ಬಂದವಳು ಗಂಗಾವತಿ ಕಡೆಯ ಒಬ್ಬ ಹೆಂಗಸು, ಗದ್ದೆಯ ನಾಟಿ ಕೆಲಸದವಳು, 1949ರ ಜನವರಿಯಲ್ಲಿ. ಎಡಮಗ್ಗುಲಿನದು, ಬೆನ್ನಿನಿಂದ ಎದೆಯವರೆಗೆ. ಬೆನ್ನಿನ ಕಡೆ ಆಯಿ ಗೋಡೆ ಎಳೆದಳು, ಎದೆಯ ಕಡೆ ಸಣ್ಣಾಯಿ ಎಳೆದಳು. ಯಾರೂ ಅಳೆಯಲಿಲ್ಲ. ಹದಿನಾರನೆಯ ದಿನ ಹಕ್ಕಳೆ ಉದುರಿತು.